ಕರಡಿ ಕೊಂದದ್ದು ಕಡಿಮೆ, ಕಾಪಾಡಿದ್ದು ಹೆಚ್ಚು

ಗಡಿಯಾರ ಚಳಿಗೆ ಹೆಪ್ಪುಗಟ್ಟಿ ನಿಂತಿದೆ. ಹನ್ನೆರಡು ಗಂಟೆಗೊಮ್ಮೆ ತಿರುಗಿಸಿಡುವ ಮರಳು ಗಡಿಯಾರವೇ ಈಗ ಹೊತ್ತಿನ ಲೆಕ್ಕ ಹೇಳಬೇಕು. ಬೆಂಕಿಯ ಕಡೆಗೆ ಕಾಲು ಚಾಚಿದರೆ ಬಿಸಿ ತಟ್ಟುವ ಮೊದಲೇ ಕಾಲುಚೀಲ ಕರಕಲಾದ ವಾಸನೆ ಮೂಗಿಗೆ ಬರುತ್ತದೆ. ಬೆನ್ನ ಹಿಂದಿನ ಹಲಗೆಯ ಮೇಲೆ ಮಾತ್ರ ಬೆರಳು ದಪ್ಪ ಮಂಜುಗಡ್ಡೆ. ತೊಳೆದ ಅಂಗಿಯನ್ನು ಬಿಸಿನೀರಿನಿಂದ ಎತ್ತಿದ ಕೂಡಲೇ ಅದು ಹಲಗೆಯಂತೆ ಸೆಟೆದುಕೊಳ್ಳುತ್ತದೆ. ಮಂಚಗಳಲ್ಲಿ ಮಲಗಿದವರು ಚಾವಣಿಯ ಮೇಲಿನ ಸದ್ದಿಗೆ ಕಿವಿಗೊಟ್ಟಿದ್ದಾರೆ. ಹಗುರವಾದ ಹೆಜ್ಜೆಯಾದರೆ ನರಿ. ಭಾರದ್ದಾದರೆ ಬಂದೂಕಿಗೆ ಕೈಹಾಕಬೇಕು.

ಇದು 1596–97ರ ಚಳಿಗಾಲ. ಜಾಗ ರಷ್ಯಾದ ಉತ್ತರಕ್ಕಿರುವ ನೋವಾಯಾ ಜೆಮ್ಲ್ಯಾ ದ್ವೀಪದ ಈಶಾನ್ಯ ತೀರ. ಹಡಗಿನ ಹಲಗೆಗಳಿಂದಲೂ ಕಡಲು ತಂದು ಹಾಕಿದ ಮರದ ದಿಮ್ಮಿಗಳಿಂದಲೂ ಕಟ್ಟಿಕೊಂಡ ಒಂದು ಮನೆ. ಒಳಗಿರುವವರು ಡಚ್ ನಾವಿಕರು. ಅಷ್ಟು ಉತ್ತರದಲ್ಲಿ ಯುರೋಪಿನವರು ಒಂದು ಇಡೀ ಚಳಿಗಾಲ ಕಳೆದು ಬದುಕಿ ಬಂದ ಮೊದಲ ದಾಖಲೆ ಅವರದು.

ಉತ್ತರ ಧ್ರುವದ ಸಾಹಸ ಎಂದರೆ ನಮ್ಮ ಕಣ್ಣಮುಂದೆ ಬರುವುದು ಒಂದೇ ಚಿತ್ರ: ಬಿಳಿ ಬಯಲು, ಗಡ್ಡಕ್ಕೆ ಮಂಜು ಮೆತ್ತಿದ ಮನುಷ್ಯ, ಎದುರಿಗೆ ಬಾಯಿ ತೆರೆದ ಹಿಮಕರಡಿ. ಚಿತ್ರ ಸುಳ್ಳಲ್ಲ. ಆದರೆ ಅದರಲ್ಲಿ ಕೊಲೆಗಾರನ ಜಾಗದಲ್ಲಿ ನಿಂತಿರುವ ಪ್ರಾಣಿಯೇ ಬಹುತೇಕ ಕಥೆಗಳಲ್ಲಿ ಊಟ, ದೀಪ, ಹಾಸಿಗೆ, ಔಷಧಿ ಎಲ್ಲವೂ ಆಗಿತ್ತು. ಅದರ ಮೈಯಲ್ಲಿ ಯಾವುದನ್ನು ತಿನ್ನಬೇಕು, ಯಾವುದನ್ನು ಮುಟ್ಟಬಾರದು ಎಂಬುದು ಗೊತ್ತಿದ್ದವರು ಮನೆಗೆ ಮರಳಿದರು. ಗೊತ್ತಿಲ್ಲದವರಲ್ಲಿ ಎಷ್ಟೋ ಜನ ಮರಳಲಿಲ್ಲ.

ಚೀನಾಕ್ಕೆ ಹತ್ತಿರದ ದಾರಿ

ಡಚ್ಚರು ಅಲ್ಲಿಗೆ ಹೋದದ್ದು ಧ್ರುವವನ್ನು ನೋಡಲಿಕ್ಕಲ್ಲ, ವ್ಯಾಪಾರಕ್ಕೆ. ಆಫ್ರಿಕಾವನ್ನು ಬಳಸಿ ಪೂರ್ವಕ್ಕೆ ಬರುವ ಕಡಲ ದಾರಿ ಆಗ ಪೋರ್ಚುಗೀಸರ ಹಿಡಿತದಲ್ಲಿತ್ತು. ರಷ್ಯಾದ ತಲೆಯ ಮೇಲಿನಿಂದ ಹಾದು ಚೀನಾ ತಲುಪಿದರೆ ಆ ಜಗಳವೇ ಇರುವುದಿಲ್ಲ ಎಂಬುದು ಆಮ್‌ಸ್ಟರ್‌ಡ್ಯಾಮಿನ ವರ್ತಕರ ಲೆಕ್ಕಾಚಾರ. ಬೇಸಿಗೆಯಲ್ಲಿ ಅಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಬಿಸಿಲಿರುವುದರಿಂದ ಮಂಜುಗಡ್ಡೆ ಕರಗಿಯೇ ಇರುತ್ತದೆ ಎಂದು ಭೂಗೋಳ ಬಲ್ಲವರೂ ನಂಬಿದ್ದರು.

ನಾವಿಕ ವಿಲ್ಲೆಮ್ ಬಾರೆಂಟ್ಸ್ ಮೂರು ಸಲ ಆ ದಾರಿ ಹುಡುಕಿ ಹೋದ. 1594ರ ಮೊದಲ ಯಾನದಲ್ಲಿ ಅವನ ಜನರಿಗೆ ಹಿಮಕರಡಿಯೊಂದನ್ನು ಜೀವಂತ ಹಿಡಿದು ಹಾಲೆಂಡಿಗೆ ಒಯ್ಯುವ ಆಸೆ ಹುಟ್ಟಿತು. ಈಜುತ್ತಿದ್ದ ಕರಡಿಯ ಕೊರಳಿಗೆ ಹಗ್ಗದ ಕುಣಿಕೆ ಹಾಕಿ ದೋಣಿಯ ಹಿಂದೆ ಎಳೆದರು. ಕರಡಿ ದೋಣಿಯನ್ನೇ ಹತ್ತಿ ಬಂತು. ಹಗ್ಗ ಚುಕ್ಕಾಣಿಯ ಕೊಕ್ಕೆಗೆ ಸಿಕ್ಕಿಕೊಂಡಿದ್ದರಿಂದ ಅವರು ಬದುಕಿದರು. ಮರುವರ್ಷ ಅದೃಷ್ಟ ಅಷ್ಟು ಒಳ್ಳೆಯದಿರಲಿಲ್ಲ. ತೀರದಲ್ಲಿ ಹೊಳೆಯುವ ಕಲ್ಲು ಆಯುತ್ತಿದ್ದ ನಾವಿಕನ ಕತ್ತನ್ನು ಹಿಂದಿನಿಂದ ಯಾರೋ ಹಿಡಿದರು. ಗೆಳೆಯನ ಚೇಷ್ಟೆ ಇರಬೇಕೆಂದುಕೊಂಡ. ಅದು ಬಡಕಲು ಕರಡಿ. ಅವನನ್ನೂ ಬಿಡಿಸಲು ಓಡಿ ಬಂದ ಇನ್ನೊಬ್ಬನನ್ನೂ ಅದು ಕೊಂದಿತು.

ಮೂರನೆಯ ಯಾನ 1596ರ ಮೇ ತಿಂಗಳಲ್ಲಿ ಹೊರಟಿತು. ಸ್ವಾಲ್ಬಾರ್ಡ್ ದ್ವೀಪಸಮೂಹದ ಸ್ಪಿಟ್ಸ್‌ಬರ್ಗನ್ ಕಣ್ಣಿಗೆ ಬಿತ್ತು. ಕರಡಿಯೊಂದನ್ನು ಕೊಂದ ದ್ವೀಪಕ್ಕೆ ಕರಡಿ ದ್ವೀಪವೆಂದೇ ಹೆಸರಾಯಿತು. ಆಗಸ್ಟ್ ಕೊನೆಗೆ ನೋವಾಯಾ ಜೆಮ್ಲ್ಯಾದ ಬಳಿ ಮಂಜುಗಡ್ಡೆ ಹಡಗನ್ನು ಅಮುಕಿ ಹಿಡಿಯಿತು. 17 ಜನ ಸಿಕ್ಕಿಬಿದ್ದರು. ಮನೆ ಕಟ್ಟಲು ತೊಡಗಿದ ದಿನಗಳಲ್ಲೇ ಬಡಗಿ ತೀರಿಕೊಂಡ. ಉಳಿದವರು ಹೇಗೋ ಕಟ್ಟಿ ಮುಗಿಸಿದರು.

ಸೂರ್ಯ ಹೋದರೆ ನರಿ, ಬಂದರೆ ಕರಡಿ

ಆ ಮನೆಯೊಳಗಿನ ಬದುಕನ್ನು ನಾವು ಇಷ್ಟು ಹತ್ತಿರದಿಂದ ನೋಡಲು ಕಾರಣ ಗೆರಿಟ್ ಡಿ ವೀರ್ ಎಂಬ ಸಹಯಾತ್ರಿ ಬರೆದಿಟ್ಟ ದಿನಚರಿ. ಅವನು ಗಮನಿಸಿದ ಒಂದು ಸಂಗತಿ ವಿಚಿತ್ರವಾಗಿದೆ. ನವೆಂಬರಿನ ಮೊದಲ ವಾರ ಸೂರ್ಯ ಮರೆಯಾದ ಮೇಲೆ ಕರಡಿಗಳೂ ಮರೆಯಾದವು, ಬಿಳಿ ನರಿಗಳು ಬಂದವು. ಜನವರಿ ಕೊನೆಗೆ ಸೂರ್ಯ ಮರಳಿದ ಮೇಲೆ ಕರಡಿಗಳು ಬಂದವು, ನರಿಗಳು ಕಾಣೆಯಾದವು.

ಈ ಸರದಿಯೇ ಅವರನ್ನು ಬದುಕಿಸಿತು ಎನ್ನಬಹುದು. ಕತ್ತಲಿನ ತಿಂಗಳುಗಳಲ್ಲಿ ಬೋನು ಹೂಡಿ ನರಿ ಹಿಡಿದರು. ಮಾಂಸ ಮೊಲದಂತೆ ರುಚಿಯಾಗಿದೆಯೆಂದು ತಿಂದರು, ತುಪ್ಪಳದಿಂದ ಟೋಪಿ ಹೊಲಿದುಕೊಂಡರು. ಫೆಬ್ರುವರಿಯಲ್ಲಿ ಹೊಡೆದ ಕರಡಿಯ ಕೊಬ್ಬು ಕರಗಿಸಿದಾಗ ರಾತ್ರಿಯಿಡೀ ದೀಪ ಉರಿಸುವಷ್ಟು ಎಣ್ಣೆ ಸಿಕ್ಕಿತು.

ಅದಕ್ಕೂ ಮೊದಲೇ ಅವರನ್ನು ಸಾವಿನ ಅಂಚಿಗೆ ತಳ್ಳಿದ್ದು ಕರಡಿಯಲ್ಲ, ಕಲ್ಲಿದ್ದಲು. ಡಿಸೆಂಬರಿನ ಒಂದು ರಾತ್ರಿ ಬೆಚ್ಚಗಿರಲೆಂದು ಹಡಗಿನಿಂದ ತಂದ ಕಲ್ಲಿದ್ದಲಿಗೆ ಬೆಂಕಿ ಹಾಕಿ, ಬಾಗಿಲು ಹೊಗೆಗಂಡಿ ಎಲ್ಲ ಮುಚ್ಚಿ ಮಲಗಿದರು. ಸ್ವಲ್ಪ ಹೊತ್ತಿಗೆ ತಲೆ ತಿರುಗತೊಡಗಿತು. ಶಕ್ತಿಯಿದ್ದ ಒಬ್ಬ ತೆವಳಿ ಹೋಗಿ ಬಾಗಿಲು ತೆರೆಯದಿದ್ದರೆ ಇಂಗಾಲದ ಮೊನಾಕ್ಸೈಡ್ ಎಲ್ಲರನ್ನೂ ಮುಗಿಸಿಬಿಡುತ್ತಿತ್ತು.

ಸೂರ್ಯ ಮರಳಿದ ದಿನದ ಬಗ್ಗೆ ಒಂದು ಮಾತು ಹೇಳಲೇಬೇಕು. 1597ರ ಜನವರಿ 24ರಂದು ಸೂರ್ಯನ ಅಂಚು ಕಂಡಿತೆಂದು ಅವರು ಬರೆದಾಗ ಯಾರೂ ನಂಬಲಿಲ್ಲ. ಲೆಕ್ಕದ ಪ್ರಕಾರ ಇನ್ನೂ ಎರಡು ವಾರ ಸೂರ್ಯ ಕಾಣಬಾರದು. ದಿನ ಎಣಿಸುವುದರಲ್ಲಿ ತಪ್ಪಿದ್ದಾರೆ ಎಂದು ಪಂಡಿತರು ನಕ್ಕರು. ತಪ್ಪಿದ್ದು ಪಂಡಿತರು. ನೆಲಕ್ಕೆ ಅಂಟಿದ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಪದರ ಹಾಸಿಕೊಂಡಾಗ ಬೆಳಕು ಬಾಗುತ್ತ ಬಾಗುತ್ತ ದಿಗಂತದ ಆಚೆಯಿಂದ ಈಚೆಗೆ ಬರುತ್ತದೆ. ಸೂರ್ಯ ಇನ್ನೂ ಕೆಳಗೇ ಇರುವಾಗ ಅವನ ಬಿಂಬ ಮೇಲೆ ಕಾಣುತ್ತದೆ. ಈ ಬೆಳಕಿನಾಟಕ್ಕೆ ವಿಜ್ಞಾನಿಗಳು ಇಂದಿಗೂ ಆ ದ್ವೀಪದ ಹೆಸರನ್ನೇ ಇಟ್ಟಿದ್ದಾರೆ.

ಜೂನ್‌ನಲ್ಲಿ ಎರಡು ತೆರೆದ ದೋಣಿಗಳಲ್ಲಿ ಅವರು ಹೊರಟರು. ನಡೆಯಲೂ ಆಗದಷ್ಟು ಕುಸಿದಿದ್ದ ಬಾರೆಂಟ್ಸ್ ಒಂದು ವಾರದಲ್ಲೇ, ಜೂನ್ 20ರಂದು, ಸತ್ತ. ಒಟ್ಟು 12 ಜನ ಊರು ಕಂಡರು. ದಾರಿಯಲ್ಲಿ ಒಂದು ದ್ವೀಪದಲ್ಲಿ ಹಸಿರು ಸೊಪ್ಪು ಸಿಕ್ಕಿ, ಅದನ್ನು ಬಾಯಿತುಂಬ ತಿಂದ ಮೇಲೆ ನೋವೆಲ್ಲ ಇಳಿದು ದೋಣಿ ಹುಟ್ಟುಹಾಕುವಂತಾದರು ಎಂದು ಡಿ ವೀರ್ ಬರೆದಿದ್ದಾನೆ. ಅವನಿಗೆ ಕಾರಣ ಗೊತ್ತಿರಲಿಲ್ಲ.

ಕೊಲೆಗಾರರ ಪಟ್ಟಿ

ಹಿಮಕರಡಿ ನೆಲದ ಮೇಲಿನ ಅತಿ ದೊಡ್ಡ ಮಾಂಸಾಹಾರಿಗಳಲ್ಲಿ ಒಂದು. ದೊಡ್ಡ ಗಂಡಿನ ತೂಕ ಅರ್ಧ ಟನ್ ಮುಟ್ಟುತ್ತದೆ. ಅದರ ಮುಖ್ಯ ಊಟ ಸೀಲ್. ಸೀಲ್ ಉಸಿರಾಡಲು ಮಂಜುಗಡ್ಡೆಯಲ್ಲಿ ಕೊರೆದುಕೊಂಡ ಕಂಡಿಯ ಪಕ್ಕ, ಇಲಿಯ ಬಿಲದ ಮುಂದೆ ಬೆಕ್ಕು ಕೂತಂತೆ, ಗಂಟೆಗಟ್ಟಲೆ ಅಲ್ಲಾಡದೆ ಕೂರುತ್ತದೆ. ಮೂತಿ ಮೇಲೆ ಬಂದ ಕ್ಷಣ ಒಂದೇ ಏಟು. ಹೊಟ್ಟೆ ತುಂಬಿದ ಕರಡಿ ಹೆಚ್ಚಾಗಿ ಸೀಲ್‌ನ ಕೊಬ್ಬನ್ನಷ್ಟೇ ತಿಂದು ಮಾಂಸ ಬಿಟ್ಟುಹೋಗುತ್ತದೆ. ಹಿಂದೆ ಬರುವ ನರಿಗೆ ಅದೇ ಹಬ್ಬ. ಕಂಡಿಯ ಬಳಿ ಇದೇ ಬಗೆಯಲ್ಲಿ ಕಾಯುವ ಇನ್ನೊಂದು ಜೀವಿ ಅಲ್ಲಿದೆ. ಅದು ಆ ಸೀಮೆಯ ಮೂಲನಿವಾಸಿಯಾದ ಇನುಯಿಟ್ ಬೇಟೆಗಾರ.

ಮನುಷ್ಯನ ಮೇಲೆ ಈ ಕರಡಿ ಎಷ್ಟು ಸಲ ಎರಗಿದೆ? ಹಿಮಕರಡಿ ಇರುವ ಐದು ದೇಶಗಳ ದಾಖಲೆಗಳನ್ನು ಜಾಲಾಡಿದ ಸಂಶೋಧಕರು 2017ರಲ್ಲಿ ಲೆಕ್ಕ ಕೊಟ್ಟರು. 1870ರಿಂದ 2014ರವರೆಗಿನ 145 ವರ್ಷಗಳಲ್ಲಿ ಅವರಿಗೆ ಸಿಕ್ಕಿದ್ದು 73 ದಾಳಿ. ಸತ್ತವರು 20. ದಾಖಲಾಗದವು ಇನ್ನಷ್ಟು ಇರಬಹುದು, ಇರಲಿ.

ಇದರ ಪಕ್ಕದಲ್ಲಿ ಒಂದೇ ಒಂದು ಚಳಿಗಾಲವನ್ನು ಇಟ್ಟು ನೋಡಿ. 1619ರಲ್ಲಿ ಡೆನ್ಮಾರ್ಕಿನ ಯೆನ್ಸ್ ಮುಂಕ್ ಎರಡು ಹಡಗುಗಳೊಂದಿಗೆ ಕೆನಡಾದ ಹಡ್ಸನ್ ಕೊಲ್ಲಿಗೆ ಬಂದು, ಈಗಿನ ಚರ್ಚಿಲ್ ಪಟ್ಟಣವಿರುವಲ್ಲಿ ಚಳಿಗಾಲಕ್ಕೆ ತಂಗಿದ. ಬೇಸಿಗೆ ಬರುವಷ್ಟರಲ್ಲಿ 61 ಜನ ಸತ್ತಿದ್ದರು. ಉಳಿದವರು ಮುಂಕ್ ಮತ್ತು ಇಬ್ಬರು. ಮೂವರೂ ನೆಲದ ಮೇಲೆ ತೆವಳುತ್ತ, ಕರಗುವ ಹಿಮದಡಿ ಮೊಳೆತ ಹಸಿರನ್ನೆಲ್ಲ ಅಗೆದು ಚೀಪಿದರು. ಮೈಯಲ್ಲಿ ಕಸುವು ಬಂತು. ಮೂವರೇ ಸೇರಿ ಚಿಕ್ಕ ಹಡಗನ್ನು ಅಟ್ಲಾಂಟಿಕ್ ದಾಟಿಸಿ ಊರು ಸೇರಿದರು.

ಚರ್ಚಿಲ್ ಇಂದು ಹಿಮಕರಡಿ ನೋಡಲು ಪ್ರವಾಸಿಗರು ಹೋಗುವ ಊರು. ಅಲ್ಲಿ ಸತ್ತ ಆ ನಾವಿಕರನ್ನು ಕೊಂದದ್ದು ಮುಖ್ಯವಾಗಿ ಸ್ಕರ್ವಿ.

ಒಡಲೊಳಗಿನ ಬೇಟೆಗಾರ

ಸ್ಕರ್ವಿ ವಿಟಮಿನ್ ಸಿ ಕೊರತೆಯ ಕಾಯಿಲೆ. ಚರ್ಮ, ಒಸಡು, ರಕ್ತನಾಳ, ಮೂಳೆ ಎಲ್ಲವನ್ನೂ ಹಿಡಿದಿಟ್ಟಿರುವ ಕೊಲಾಜೆನ್ ಎಂಬ ನಾರನ್ನು ದೇಹ ಗಟ್ಟಿಯಾಗಿ ಹೆಣೆಯಬೇಕಾದರೆ ಈ ವಿಟಮಿನ್ ಬೇಕು. ಅದು ನಿಂತರೆ ಒಂದರಿಂದ ಮೂರು ತಿಂಗಳಲ್ಲಿ ಹೆಣಿಗೆ ಸಡಿಲವಾಗುತ್ತದೆ. ಮೊದಲು ಸುಸ್ತು, ಮಂಕು. ಆಮೇಲೆ ಒಸಡು ಊದಿ ಹಲ್ಲು ಅಲ್ಲಾಡುತ್ತವೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಕಪ್ಪಾಗುತ್ತದೆ, ಎಂದೋ ಮಾಗಿದ ಗಾಯಗಳು ಮತ್ತೆ ಬಾಯಿ ಬಿಡುತ್ತವೆ. ವಿಪರ್ಯಾಸವೆಂದರೆ ಇದನ್ನು ತಡೆಯಲು ದಿನಕ್ಕೆ ಬೇಕಾದದ್ದು ಸುಮಾರು 10 ಮಿಲಿಗ್ರಾಂ. ನಮ್ಮಲ್ಲಿ ಊಟದ ಎಲೆಯ ತುದಿಯಲ್ಲಿ ನಿಂಬೆಹಣ್ಣಿನ ಹೋಳು ಇಡುವವರಿಗೆ ಈ ಕಾಯಿಲೆಯ ಹೆಸರು ಪಠ್ಯಪುಸ್ತಕದಲ್ಲಷ್ಟೇ ಪರಿಚಯ.

ನಿಂಬೆ ಜಾತಿಯ ಹಣ್ಣು ಮದ್ದೆಂದು ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 1747ರಲ್ಲೇ ಪರೀಕ್ಷಿಸಿ ತೋರಿಸಿದ್ದ. 1795ರಲ್ಲಿ ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಪಡಿತರಕ್ಕೆ ಸೇರಿಸಿತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮುಂದಿನ ಶತಮಾನದಲ್ಲಿ ಸತ್ವ ಕಡಿಮೆಯಿರುವ ಬೇರೆ ಜಾತಿಯ ಲೈಮ್ ಹಣ್ಣು ನಿಂಬೆಯ ಜಾಗಕ್ಕೆ ಬಂತು. ಹುಳಿಯೇ ಔಷಧಿ, ಯಾವ ಹುಳಿಯಾದರೇನು ಎಂಬ ತಿಳಿವಳಿಕೆ. 1875ರಲ್ಲಿ ಹೊರಟ ಜಾರ್ಜ್ ನೇರ್ಸ್ ದಂಡಯಾತ್ರೆಯ ಜಾರುಬಂಡಿ ತಂಡ ಮರುವರ್ಷ ಮೇ ತಿಂಗಳಲ್ಲಿ 83 ಡಿಗ್ರಿ 20 ನಿಮಿಷದವರೆಗೆ, ಅಂದಿಗೆ ಮನುಷ್ಯ ತಲುಪಿದ್ದ ಅತಿ ಉತ್ತರಕ್ಕೆ, ಹೋಯಿತು. ಬಂಡಿಗಳಲ್ಲಿ ಆ ರಸವೂ ಇರಲಿಲ್ಲ. ಹಿಂದಿರುಗುವಾಗ ಎಳೆಯಬೇಕಾದವರೇ ಬಂಡಿಯ ಮೇಲಿನ ಹೊರೆಯಾದರು. ವಿಟಮಿನ್ ಸಿ ಯಾವ ವಸ್ತುವೆಂದು ಪತ್ತೆಯಾಗಿ ಕಾರಣ ಖಚಿತವಾದದ್ದು 1930ರ ದಶಕದಲ್ಲಿ.

ಹಾಗಾದರೆ ಮರವೂ ಇಲ್ಲದ ಹಣ್ಣೂ ಇಲ್ಲದ ನಾಡಿನಲ್ಲಿ ಇನುಯಿಟ್ ಜನ ಸಾವಿರಾರು ವರ್ಷ ಬದುಕಿದ್ದು ಹೇಗೆ?

ಉತ್ತರ ಪ್ರಾಣಿಗಳ ಒಡಲಲ್ಲಿದೆ. ಮನುಷ್ಯ, ಮಂಗ, ಗಿನಿಯಿಲಿಯಂಥ ಕೆಲವನ್ನು ಬಿಟ್ಟರೆ ಬಹುಪಾಲು ಸಸ್ತನಿಗಳು ವಿಟಮಿನ್ ಸಿಯನ್ನು ತಮ್ಮ ಲಿವರ್‌ನಲ್ಲೇ ತಯಾರಿಸಿಕೊಳ್ಳುತ್ತವೆ. ಹಾಗಾಗಿ ತಾಜಾ ಮಾಂಸದಲ್ಲಿ ಅದು ಅಲ್ಪಸ್ವಲ್ಪ ಇರುತ್ತದೆ. ಸೀಲ್‌ನ ಲಿವರ್‌ನಲ್ಲಿ, ಕೊಂಬು ತಿಮಿಂಗಿಲದ ಹಸಿ ಚರ್ಮದಲ್ಲಿ ಹಣ್ಣುಗಳಿಗೆ ಹತ್ತಿರ ಬರುವಷ್ಟಿದೆ. ಉಪ್ಪು ಹಾಕಿ ವರ್ಷಗಟ್ಟಲೆ ಪೀಪಾಯಿಯಲ್ಲಿಟ್ಟರೆ ಹೋಗುತ್ತದೆ, ಬಹಳ ಹೊತ್ತು ಕುದಿಸಿದರೂ ಹೋಗುತ್ತದೆ. ಯುರೋಪಿನ ನಾವಿಕರ ಪೀಪಾಯಿಯಲ್ಲಿ ಇದ್ದದ್ದು ಉಪ್ಪಿನ ಮಾಂಸ. ಹಸಿ ಸೀಲ್ ತಿನ್ನುವವರನ್ನು ಕಂಡು ಮೂಗು ಮುರಿದವರು ಅವರೇ.

ಮುಟ್ಟಬಾರದ ಭಾಗ

ಸೀಲ್ ಲಿವರ್ ಮದ್ದಾದರೆ ಕರಡಿಯದು? ಬಾರೆಂಟ್ಸನ ಜನ ಅದನ್ನೂ ತಿಂದು ನೋಡಿದರು. 1597ರ ಮೇ ಕೊನೆಯಲ್ಲಿ ಹೊಡೆದ ಕರಡಿಯ ಲಿವರ್ ಬೇಯಿಸಿದಾಗ ರುಚಿಯಾಗಿಯೇ ಇತ್ತಂತೆ. ತಿಂದವರೆಲ್ಲ ಮಲಗಿದರು. ಮೂವರ ಸ್ಥಿತಿಯಂತೂ ಕೈಬಿಡುವ ಹಾಗಾಯಿತು, ತಲೆಯಿಂದ ಕಾಲಿನವರೆಗೆ ಮೈಯ ಚರ್ಮ ಸುಲಿದು ಬಂತು. ನಾಯಕ ಪಾತ್ರೆಯಲ್ಲಿ ಉಳಿದದ್ದನ್ನು ಹೊರಗೆ ಎಸೆದ. ಆ ಮೂವರು ಬದುಕಿದ್ದು ಪುಣ್ಯ.

ವಿಷ ಏನೆಂಬುದು ತಿಳಿಯಲು ಮುನ್ನೂರೈವತ್ತು ವರ್ಷ ಹಿಡಿಯಿತು. 1943ರಲ್ಲಿ ಕೋರೆ ರೊಡಾಲ್ ಮತ್ತು ಥಾಮಸ್ ಮೂರ್ ಅದನ್ನು ಅಳೆದು ತೋರಿಸಿದರು. ಅದು ವಿಟಮಿನ್ ಎ. ಕಣ್ಣಿಗೆ ಒಳ್ಳೆಯದೆಂದು ಮಕ್ಕಳಿಗೆ ಹನಿ ಹಾಕಿಸುವ ಅದೇ ವಿಟಮಿನ್. ಕಡಲ ಪಾಚಿಯಿಂದ ಸಣ್ಣ ಜೀವಿಗೆ, ಅದರಿಂದ ಮೀನಿಗೆ, ಮೀನಿನಿಂದ ಸೀಲ್‌ಗೆ, ಸೀಲ್‌ನಿಂದ ಕರಡಿಗೆ ದಾಟುತ್ತ ಸಾಂದ್ರವಾಗುತ್ತ ಬಂದ ವಿಟಮಿನ್, ಕರಡಿಯ ಲಿವರ್‌ನಲ್ಲಿ ರಾಶಿಬೀಳುತ್ತದೆ. ಅದರ ಒಂದು ಗ್ರಾಂನಲ್ಲೇ ಮನುಷ್ಯನಿಗೆ ನಾಲ್ಕೈದು ದಿನಕ್ಕೆ ಸಾಕಾಗುವಷ್ಟಿದೆ. ಹೆಚ್ಚಾದ ವಿಟಮಿನ್ ಸಿ ಮೂತ್ರದಲ್ಲಿ ಹೋಗುತ್ತದೆ. ವಿಟಮಿನ್ ಎ ಹಾಗಲ್ಲ, ದೇಹದಲ್ಲೇ ಉಳಿದು ಕಾಡುತ್ತದೆ. ಇನುಯಿಟ್ ಜನ ಕರಡಿಯ ಲಿವರನ್ನು ತಾವು ತಿನ್ನುತ್ತಿರಲಿಲ್ಲ.

ಇನ್ನೊಂದು ಬಲೆಯೂ ಇತ್ತು. ಕರಡಿ ಮತ್ತು ವಾಲ್ರಸ್ ಮಾಂಸದಲ್ಲಿ ಟ್ರೈಕಿನೆಲ್ಲಾ ಎಂಬ ಹುಳುವಿನ ಮರಿಗಳು ಅಡಗಿರುತ್ತವೆ. ಉತ್ತರದ ಆ ಜಾತಿ ಹೆಪ್ಪುಗಟ್ಟಿದರೂ ಸಾಯುವುದಿಲ್ಲ. ಸರಿಯಾಗಿ ಬೇಯದ ಮಾಂಸದಿಂದ ಅವು ಮನುಷ್ಯನ ಸ್ನಾಯು ಸೇರುತ್ತವೆ. 1897ರ ಜುಲೈ 11ರಂದು ಸ್ವಾಲ್ಬಾರ್ಡಿನಿಂದ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹಾರಿದ ಸ್ವೀಡನ್ನಿನ ಆಂಡ್ರೇ, ಸ್ಟ್ರಿಂಡ್‌ಬರ್ಗ್, ಫ್ರೆಂಕೆಲ್ ಮೂವರೂ ಮೂರನೆಯ ದಿನವೇ ಮಂಜುಗಡ್ಡೆಗೆ ಇಳಿಯಬೇಕಾಯಿತು. ದಾರಿಯಲ್ಲಿ ಹೊಡೆದ ಕರಡಿಗಳನ್ನು ತಿನ್ನುತ್ತ ಸುಮಾರು ಮೂರು ತಿಂಗಳು ಮಂಜುಗಡ್ಡೆಯ ಮೇಲೆ ನಡೆದೂ ತೇಲಿಯೂ ಬಿಳಿ ದ್ವೀಪ ಸೇರಿ ಅಲ್ಲಿ ಸತ್ತರು. ಅವರ ದೇಹ, ದಿನಚರಿ, ತೊಳೆಯದ ಫೋಟೊ ಸುರುಳಿಗಳು ಸಿಕ್ಕಿದ್ದು 1930ರಲ್ಲಿ. ಗುಂಡೂ ಇತ್ತು, ಮಾಂಸವೂ ಇತ್ತು, ಆದರೂ ಸತ್ತದ್ದೇಕೆ? ಅವರ ಬಿಡಾರದಲ್ಲಿ ಉಳಿದಿದ್ದ ಕರಡಿ ಮಾಂಸದಲ್ಲಿ ಈ ಹುಳುವನ್ನು ಕಂಡ ಡೆನ್ಮಾರ್ಕಿನ ವೈದ್ಯ ಅರ್ನ್ಸ್ಟ್ ಟ್ರೈಡೆ 1952ರಲ್ಲಿ ಅದೇ ಕಾರಣವೆಂದ. ಒಪ್ಪದವರೂ ಇದ್ದಾರೆ, ವಾದ ಇನ್ನೂ ನಡೆದಿದೆ.

ಹಸಿ ತಿಂದರೆ ಹುಳು, ಅತಿಯಾಗಿ ಬೇಯಿಸಿದರೆ ಸ್ಕರ್ವಿ. ಇನುಯಿಟ್ ಅಡುಗೆಯ ಪದ್ಧತಿಯಲ್ಲಿ ಈ ಇಕ್ಕಟ್ಟಿಗೆ ಪರಿಹಾರ ಮೊದಲೇ ಇತ್ತು: ಸೀಲ್, ಮೀನು, ಹಿಮಜಿಂಕೆ ಹಸಿಯಾಗಿ ನಡೆಯುತ್ತದೆ, ಕರಡಿಯನ್ನು ಬೇಯಿಸಬೇಕು. ವಿಟಮಿನ್ನಿನ ಹೆಸರೂ ಹುಳುವಿನ ಹೆಸರೂ ಗೊತ್ತಿಲ್ಲದೆ ತಲೆಮಾರುಗಳು ನೋಡಿ, ಸತ್ತು, ನೆನಪಿಟ್ಟು ಕಟ್ಟಿದ ಪಾಕಶಾಸ್ತ್ರ ಅದು.

ಡಬ್ಬಿಯನ್ನು ನಂಬಿದವರು

1845ರ ಮೇ 19ರಂದು ಸರ್ ಜಾನ್ ಫ್ರ್ಯಾಂಕ್ಲಿನ್ ಎರೆಬಸ್ ಮತ್ತು ಟೆರರ್ ಎಂಬ ಎರಡು ಹಡಗುಗಳೊಂದಿಗೆ ಇಂಗ್ಲೆಂಡಿನಿಂದ ಹೊರಟ. ಮೂರು ವರ್ಷದ ಆಹಾರ, ಸಾವಿರಾರು ಡಬ್ಬಿಗಳಲ್ಲಿ ಮುಚ್ಚಿದ ಮಾಂಸ, ಪೀಪಾಯಿಗಟ್ಟಲೆ ನಿಂಬೆರಸ, ಉಗಿಯಂತ್ರ, ದೊಡ್ಡ ಗ್ರಂಥಾಲಯ. ಅಂದಿನ ಅತ್ಯಂತ ಸಮರ್ಥ ಸರ್ಕಾರ ಕೊಡಬಹುದಾದದ್ದೆಲ್ಲ ಇತ್ತು. 129 ಜನರಲ್ಲಿ ಒಬ್ಬನೂ ಮರಳಲಿಲ್ಲ.

1846ರ ಸೆಪ್ಟೆಂಬರಿನಲ್ಲಿ ಕಿಂಗ್ ವಿಲಿಯಂ ದ್ವೀಪದ ಬಳಿ ಹಡಗುಗಳು ಮಂಜುಗಡ್ಡೆಯಲ್ಲಿ ಕಚ್ಚಿಕೊಂಡವು. ಮರುಬೇಸಿಗೆಯಲ್ಲಿ ಫ್ರ್ಯಾಂಕ್ಲಿನ್ ಸತ್ತ. 1848ರ ಏಪ್ರಿಲ್‌ನಲ್ಲಿ ಉಳಿದ 105 ಜನ ಹಡಗು ಬಿಟ್ಟು ದಕ್ಷಿಣಕ್ಕೆ ಕಾಲೆಳೆದರು. ಸ್ಕರ್ವಿಯೋ, ಡಬ್ಬಿಯ ಸೀಸವೋ, ಹಸಿವೋ, ಯಾವುದರ ಪಾಲೆಷ್ಟು ಎಂಬ ಚರ್ಚೆ ಮೂಳೆಗಳ ಮೇಲೆ ಇಂದಿಗೂ ನಡೆದಿದೆ. ಆದರೆ ಅದೇ ಸೀಮೆಯಲ್ಲಿ ಇನುಯಿಟ್ ಕುಟುಂಬಗಳು ಮಕ್ಕಳುಮರಿಯೊಂದಿಗೆ ಬದುಕಿದ್ದವು. ನ್ಯಾಯವಾಗಿ ಹೇಳಬೇಕೆಂದರೆ, ನೂರು ಚಿಲ್ಲರೆ ಜನ ಒಟ್ಟಿಗೆ ಬಂದಿಳಿದರೆ ಬೇಟೆಯಿಂದ ಸಾಕುವಷ್ಟು ಪ್ರಾಣಿ ಆ ಬಡ ದ್ವೀಪದಲ್ಲಿ ಇರಲಿಲ್ಲ. ಇನುಯಿಟ್ ಚಿಕ್ಕ ಗುಂಪುಗಳಲ್ಲಿ ಹರಡಿಕೊಂಡು ಇದ್ದದ್ದೇ ಅದಕ್ಕೆ.

1854ರಲ್ಲಿ ಜಾನ್ ರೇ ಎಂಬ ಸ್ಕಾಟಿಷ್ ವೈದ್ಯ ಇನುಯಿಟ್ ಜನರಿಂದ ನಡೆದದ್ದನ್ನು ಕೇಳಿ ತಿಳಿದ. ಅವನು ಅವರಂತೆಯೇ ಹಿಮದ ಮನೆ ಕಟ್ಟಿ, ಬೇಟೆಯಾಡಿ, ಕೈಬೆರಳೆಣಿಕೆಯ ಜೊತೆಗಾರರೊಂದಿಗೆ ಚಳಿಗಾಲ ಕಳೆಯುವುದನ್ನು ಕಲಿತವನು. ಕೊನೆಯ ದಿನಗಳಲ್ಲಿ ನಾವಿಕರು ಸತ್ತ ಸಂಗಡಿಗರನ್ನೇ ತಿಂದರೆಂಬ ವರದಿಯನ್ನೂ ಅವನು ಮುಚ್ಚಿಡಲಿಲ್ಲ. ಲಂಡನ್ ಕೆರಳಿತು. ಚಾರ್ಲ್ಸ್ ಡಿಕನ್ಸ್‌ನಂಥವನೇ ಕಾಡುಜನರ ಮಾತು ನಂಬಬೇಡಿ ಎಂಬ ಧಾಟಿಯಲ್ಲಿ ಬರೆದ. ಮೂಳೆಗಳ ಮೇಲಿನ ಚಾಕುವಿನ ಗುರುತುಗಳು ಮುಂದೆ ರೇ ಪರವಾಗಿಯೇ ಸಾಕ್ಷಿ ನುಡಿದವು. 2014ರಲ್ಲಿ ಎರೆಬಸ್, 2016ರಲ್ಲಿ ಟೆರರ್ ಸಮುದ್ರದ ತಳದಲ್ಲಿ ಸಿಕ್ಕಿದಾಗ ಎರಡಕ್ಕೂ ದಾರಿ ತೋರಿದ್ದರಲ್ಲಿ ಇನುಯಿಟ್ ಜನರ ಮಾತಿನ ಪಾಲಿತ್ತು. ಕೇಳಿಸಿಕೊಳ್ಳಲು ನೂರೈವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು ಅಷ್ಟೇ.

ಮೈ ತುಂಬಿಕೊಂಡು ಮರಳಿದ ಇಬ್ಬರು

ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಕೇಳಿಸಿಕೊಂಡವನು. 1888ರಲ್ಲಿ ಗ್ರೀನ್‌ಲ್ಯಾಂಡನ್ನು ಅಡ್ಡಹಾಯ್ದ ಮೇಲೆ ಅಲ್ಲೇ ಒಂದು ಚಳಿಗಾಲ ಇನುಯಿಟ್ ಜನರ ನಡುವೆ ಇದ್ದು ಕಯಾಕ್ ಎಂಬ ಕಿರುದೋಣಿ ನಡೆಸುವುದನ್ನು, ಬೇಟೆಯನ್ನು ಕಲಿತ. 1893ರಲ್ಲಿ ಫ್ರಾಮ್ ಎಂಬ ಹಡಗಿನಲ್ಲಿ ಹೊರಟ. ಅದರ ತಳ ಉರುಟು. ಮಂಜುಗಡ್ಡೆ ಅಮುಕಿದರೆ ಹಡಗು ಪುಡಿಯಾಗುವ ಬದಲು ಮೇಲಕ್ಕೆ ಜಾರಬೇಕು, ಹೆಪ್ಪುಗಟ್ಟಿದ ಕಡಲು ಹರಿದತ್ತ ತೇಲಬೇಕು ಎಂಬ ಯೋಚನೆ. ಅದು ಫಲಿಸಿತು. ಆದರೆ ತೇಲುತ್ತ ಧ್ರುವ ಮುಟ್ಟುವುದಿಲ್ಲವೆಂದು ಕಂಡಾಗ, 1895ರ ಮಾರ್ಚ್ 14ರಂದು ನಾನ್ಸೆನ್ ಮತ್ತು ಯಾಲ್ಮಾರ್ ಯೋಹಾನ್ಸೆನ್ 28 ನಾಯಿ, ಮೂರು ಜಾರುಬಂಡಿ, ಎರಡು ಕಯಾಕ್‌ಗಳೊಂದಿಗೆ ಹಡಗಿನಿಂದ ಇಳಿದರು. ಮತ್ತೆ ಆ ಹಡಗನ್ನು ಹುಡುಕಿ ಹೋಗುವ ಮಾತೇ ಇರಲಿಲ್ಲ.

ಏಪ್ರಿಲ್ 8ಕ್ಕೆ 86 ಡಿಗ್ರಿ 14 ನಿಮಿಷದಲ್ಲಿ ನಿಂತು ಹಿಂದಿರುಗಿದರು. ಕಾಲಡಿಯ ಮಂಜುಗಡ್ಡೆ ಇವರು ಉತ್ತರಕ್ಕೆ ನಡೆದರೆ ದಕ್ಷಿಣಕ್ಕೆ ತೇಲುತ್ತಿತ್ತು. ಒಂದೊಂದೇ ನಾಯಿಯನ್ನು ಕೊಂದು ಉಳಿದವಕ್ಕೆ ಹಾಕಬೇಕಾಯಿತು. ಇಬ್ಬರ ಗಡಿಯಾರವೂ ಒಮ್ಮೆ ನಿಂತು, ಎಲ್ಲಿದ್ದೇವೆಂಬ ಲೆಕ್ಕವೂ ಮಸುಕಾಯಿತು. ಆಗಸ್ಟ್ ಮೊದಲಲ್ಲಿ ಹೊಂಚಿ ಬಂದ ಕರಡಿ ಯೋಹಾನ್ಸೆನ್‌ನನ್ನು ಕೆಡವಿತು. ಕರಡಿಯ ಗಂಟಲು ಹಿಡಿದುಕೊಂಡು ಬೆನ್ನ ಮೇಲೆ ಬಿದ್ದಿದ್ದ ಅವನು, ಬಂದೂಕಿಗೆ ತಡಕಾಡುತ್ತಿದ್ದ ನಾನ್ಸೆನ್‌ಗೆ ಸ್ವಲ್ಪ ಬೇಗ ಮಾಡಿದರೆ ಒಳ್ಳೆಯದು ಎಂದು ಸಮಾಧಾನವಾಗಿಯೇ ಹೇಳಿದನಂತೆ. ನಾಯಿಗಳು ಕರಡಿಯ ಗಮನ ಸೆಳೆದವು, ಗುಂಡು ಹಾರಿತು.

ಫ್ರಾನ್ಸ್ ಜೋಸೆಫ್ ಲ್ಯಾಂಡಿನ ಒಂದು ದ್ವೀಪದಲ್ಲಿ ಕಲ್ಲು ಪೇರಿಸಿ, ಪಾಚಿ ಮೆತ್ತಿ, ವಾಲ್ರಸ್ ಚರ್ಮ ಹೊದಿಸಿ ಅವರು ಒಂದು ಗೂಡು ಕಟ್ಟಿದರು. ಒಂದೇ ಚೀಲದೊಳಗೆ ಇಬ್ಬರೂ ಮಲಗುವುದು. ಬೆಳಿಗ್ಗೆ ಬೇಯಿಸಿದ ಕರಡಿ, ರಾತ್ರಿ ಹುರಿದ ಕರಡಿ. ವಾಲ್ರಸ್ ಕೊಬ್ಬು ಒಲೆಗೂ ದೀಪಕ್ಕೂ. ಹೊಗೆಗೆ, ಜಿಡ್ಡಿಗೆ ಮೈಬಟ್ಟೆ ಅಂಟಿಕೊಂಡು ಕಿತ್ತರೆ ಚರ್ಮ ಬರುವಂತಾಗಿತ್ತು. ಇಷ್ಟಾದರೂ ಒಬ್ಬರನ್ನೊಬ್ಬರು ಬಹುವಚನದಲ್ಲೇ ಮಾತನಾಡಿಸುತ್ತಿದ್ದರು. ಹೊಸ ವರ್ಷದ ಹಿಂದಿನ ರಾತ್ರಿ ನಾನ್ಸೆನ್ ತಾನಾಗಿ ಹೇಳಿದ ಮೇಲೆ ಏಕವಚನಕ್ಕೆ ಇಳಿದರು.

1896ರ ಮೇ ತಿಂಗಳಲ್ಲಿ ಮತ್ತೆ ಹೊರಟರು. ಒಂದು ದಿನ ಕಟ್ಟಿಹಾಕಿದ್ದ ಕಯಾಕ್‌ಗಳು ಕಳಚಿ ತೇಲಿಹೋದಾಗ ನಾನ್ಸೆನ್ ಹೆಪ್ಪುಗಟ್ಟುವ ನೀರಿಗೆ ಹಾರಿ ಈಜಿ ಹಿಡಿದ. ಅವು ಹೋಗಿದ್ದರೆ ಊಟ, ಬಂದೂಕು ಎಲ್ಲ ಹೋಗುತ್ತಿತ್ತು. ಕೆಲವೇ ದಿನದಲ್ಲಿ ವಾಲ್ರಸ್ ಒಂದು ಕೋರೆಯಿಂದ ಕಯಾಕನ್ನು ತಿವಿದು ತೂತು ಮಾಡಿತು. ಅದನ್ನು ಸರಿಪಡಿಸಲು ದಡದಲ್ಲಿ ನಿಂತಿದ್ದಾಗ, ಜೂನ್ 17ರಂದು, ನಾಯಿ ಬೊಗಳುವುದು ಕೇಳಿಸಿತು. ಅಲ್ಲೇ ಬಿಡಾರ ಹೂಡಿದ್ದ ಇಂಗ್ಲಿಷ್ ಅನ್ವೇಷಕ ಫ್ರೆಡರಿಕ್ ಜಾಕ್ಸನ್ ಎದುರಾದ. ತಕ್ಕಡಿಗೆ ಹತ್ತಿಸಿ ನೋಡಿದರೆ, ಹಡಗು ಬಿಟ್ಟ ದಿನಕ್ಕಿಂತ ನಾನ್ಸೆನ್ ಸುಮಾರು 10 ಕಿಲೋ ಹೆಚ್ಚಾಗಿದ್ದ. ಯೋಹಾನ್ಸೆನ್ 6 ಕಿಲೋ. ಸ್ಕರ್ವಿಯ ಸುಳಿವೂ ಇರಲಿಲ್ಲ.

ಏಡಾ ಕಲಿತದ್ದು

ನಾನ್ಸೆನ್ ಕಥೆಯನ್ನು ಇಲ್ಲಿಗೆ ಬಿಟ್ಟರೆ ಉತ್ತರದಲ್ಲಿ ಬದುಕುವುದು ಸುಲಭ ಎಂಬ ಭ್ರಮೆ ಹುಟ್ಟೀತು. ಆ ಭ್ರಮೆಯನ್ನೇ ವಿಲ್ಯಾಲ್ಮುರ್ ಸ್ಟೆಫಾನ್ಸನ್ ಎಂಬ ಅನ್ವೇಷಕ ಮಾರಾಟ ಮಾಡಿದ. ಅವನ 1921ರ ಪುಸ್ತಕದ ಹೆಸರೇ ಆರ್ಕ್ಟಿಕ್ ಸ್ನೇಹಮಯಿ ಎಂಬ ಅರ್ಥದ್ದು. ಅವನಿಗೆ ವಿಷಯ ಗೊತ್ತಿರಲಿಲ್ಲವೆಂದಲ್ಲ. ಮಾಂಸವನ್ನಷ್ಟೇ ತಿಂದು ಬದುಕಬಹುದೆಂದು ತೋರಿಸಲು ಅವನು 1928ರಲ್ಲಿ ನ್ಯೂಯಾರ್ಕಿನಲ್ಲಿ ವೈದ್ಯರ ಕಣ್ಗಾವಲಿನಲ್ಲಿ ಒಂದು ವರ್ಷದ ಪ್ರಯೋಗಕ್ಕೆ ಒಡ್ಡಿಕೊಂಡ, ಆರೋಗ್ಯವಾಗಿಯೇ ಹೊರಬಂದ. ಕೊಬ್ಬಿಲ್ಲದ ಮಾಂಸ ಕೊಟ್ಟಾಗ ಮಾತ್ರ ಕೆಲವೇ ದಿನದಲ್ಲಿ ಮಲಗಿದ. ಬರೀ ಪ್ರೋಟೀನ್ ಮನುಷ್ಯನನ್ನು ಸಾಕುವುದಿಲ್ಲ, ಚಳಿಯ ನಾಡಿನ ಊಟದಲ್ಲಿ ಕೊಬ್ಬೇ ಜೀವಾಳ.

ಅವನ ತಪ್ಪು ಬೇರೆಯದು: ಬೇಟೆ ಎಂದೂ ಕೈಕೊಡುವುದಿಲ್ಲ ಎಂದು ನಂಬಿದ್ದು. 1921ರ ಸೆಪ್ಟೆಂಬರಿನಲ್ಲಿ ಸೈಬೀರಿಯಾದ ಉತ್ತರಕ್ಕಿರುವ ರಾಂಗೆಲ್ ದ್ವೀಪಕ್ಕೆ ಅವನು ನಾಲ್ವರು ಯುವಕರನ್ನು ಕಳಿಸಿದ, ತಾನು ಹೋಗಲಿಲ್ಲ. ಜೊತೆಗಿದ್ದ ಆಹಾರ ಆರು ತಿಂಗಳಿಗೆ. ತುಪ್ಪಳದ ಬಟ್ಟೆ ಹೊಲಿಯಲು ಅಲಾಸ್ಕಾದ ನೋಮ್ ಪಟ್ಟಣದಿಂದ ಏಡಾ ಬ್ಲ್ಯಾಕ್‌ಜಾಕ್ ಎಂಬ, ಇನುಯಿಟ್ ಬಳಗದ ಇನುಪಿಯಾಟ್ ಹೆಣ್ಣುಮಗಳು ಹೋದಳು. ಕ್ಷಯದಿಂದ ನರಳುತ್ತಿದ್ದ ಮಗನ ಚಿಕಿತ್ಸೆಗೆ ಅವಳಿಗೆ ದುಡ್ಡು ಬೇಕಿತ್ತು. ತಿಂಗಳಿಗೆ 50 ಡಾಲರ್ ಸಂಬಳ.

ಏಡಾ ಮಿಷನರಿ ಶಾಲೆಯಲ್ಲಿ ಬೆಳೆದವಳು. ಬೇಟೆ ಗೊತ್ತಿರಲಿಲ್ಲ, ಬಂದೂಕು ಹಿಡಿದವಳಲ್ಲ. ಹಿಮಕರಡಿಯ ಹೆಸರು ಕೇಳಿದರೆ ನಡುಗುತ್ತಿದ್ದಳು. ಇನುಯಿಟ್ ಜನರ ಜ್ಞಾನ ರಕ್ತದಲ್ಲಿ ಬರುತ್ತದೆ ಎಂದು ತಿಳಿದವರು ಅವಳನ್ನು ನೋಡಬೇಕು.

1922ರಲ್ಲಿ ಬರಬೇಕಿದ್ದ ಹಡಗು ಮಂಜುಗಡ್ಡೆ ದಾಟಲಾರದೆ ಮರಳಿತು. ಬೇಟೆ ಬತ್ತಿತು. 1923ರ ಜನವರಿ 28ರಂದು ಮೂವರು ಯುವಕರು ಸಹಾಯ ತರುತ್ತೇವೆಂದು ಹೆಪ್ಪುಗಟ್ಟಿದ ಕಡಲ ಮೇಲೆ ಸೈಬೀರಿಯಾದ ಕಡೆ ನಡೆದರು. ಮತ್ತೆ ಯಾರೂ ಅವರನ್ನು ಕಾಣಲಿಲ್ಲ. ಉಳಿದವರು ಏಡಾ, ಸ್ಕರ್ವಿಯಿಂದ ಹಾಸಿಗೆ ಹಿಡಿದ ಲಾರ್ನ್ ನೈಟ್ ಮತ್ತು ವಿಕ್ ಎಂಬ ಬೆಕ್ಕು. ಅವಳು ಬೋನು ಹೂಡುವುದನ್ನು ಕಲಿತಳು. ಸಿಕ್ಕ ನರಿಯ ಮಾಂಸವನ್ನು ಅವನಿಗೂ ಉಣಿಸಿದಳು, ಅವನ ಬೈಗುಳವನ್ನೂ ತಿಂದಳು. ಜೂನ್‌ನಲ್ಲಿ ಅವನೂ ಸತ್ತ.

ಆಮೇಲೆ ಅವಳೊಬ್ಬಳೇ. ಗುರಿಯಿಟ್ಟು ಅಭ್ಯಾಸ ಮಾಡಿದಳು. ಕರಡಿ ದೂರದಲ್ಲೇ ಕಾಣಲೆಂದು ಗುಡಾರದ ಮೇಲೆ ಅಟ್ಟಣಿಗೆ ಕಟ್ಟಿದಳು, ಮಲಗಿದಲ್ಲಿಂದಲೇ ಕೈಗೆ ಸಿಗುವಂತೆ ಬಂದೂಕು ಇಟ್ಟುಕೊಂಡಳು. ಹಕ್ಕಿ ಮೊಟ್ಟೆ ಆಯ್ದಳು, ಸೀಲ್ ಹೊಡೆದಳು, ಚರ್ಮದ ದೋಣಿ ಹೊಲಿದಳು. ಆಗಸ್ಟ್‌ನಲ್ಲಿ ಡೊನಾಲ್ಡ್‌ಸನ್ ಹಡಗು ಬಂದಾಗ ಏಡಾ ಮತ್ತು ಬೆಕ್ಕು ಜೀವಂತ ಇದ್ದರು. ನನ್ನ ಮಟ್ಟಿಗೆ ಧ್ರುವದ ಚರಿತ್ರೆಯಲ್ಲಿ ನಾನ್ಸೆನ್‌ಗಿಂತ ದೊಡ್ಡ ಹೆಸರು ಅವಳದು. ನಾನ್ಸೆನ್ ಸಿದ್ಧನಾಗಿ ಹೋಗಿದ್ದ. ಅವಳು ಹೊಲಿಗೆಗೆಂದು ಹೋಗಿದ್ದಳು.

ಈಗ ಕರಡಿಯ ಸರದಿ

ಇಂದು ಜಗತ್ತಿನಲ್ಲಿರುವ ಹಿಮಕರಡಿಗಳು ಸುಮಾರು 26,000 ಎಂಬ ಅಂದಾಜಿದೆ. ಬೇಟೆಗೆ ಕಡಿವಾಣ ಹಾಕಲು ಐದು ದೇಶಗಳು 1973ರಲ್ಲಿ ಒಪ್ಪಂದ ಮಾಡಿಕೊಂಡವು. ಈಗಿನ ಮುಖ್ಯ ಆಪತ್ತು ಬಂದೂಕಲ್ಲ, ಕರಗುವ ಮಂಜುಗಡ್ಡೆ. ಸೀಲ್ ಹಿಡಿಯಲು ಕಾಲಿಡುವ ಜಾಗವೇ ಇಲ್ಲದಿದ್ದರೆ ಕರಡಿ ನೆಲದ ಮೇಲೆ ಹೆಚ್ಚು ದಿನ ಹಸಿದು ಕಳೆಯುತ್ತದೆ, ಜನವಸತಿಯ ಹತ್ತಿರ ಬರುತ್ತದೆ. ವಿಟಮಿನ್ ಎ ಹತ್ತಿದ ಅದೇ ಏಣಿಯನ್ನು ಈಗ ಪಾದರಸವೂ ಕಾರ್ಖಾನೆಯ ಪಿಸಿಬಿ ರಾಸಾಯನಿಕಗಳೂ ಹತ್ತುತ್ತಿವೆ. ದೂರದ ನಗರಗಳಲ್ಲಿ ಬಳಸಿದ್ದು ಉತ್ತರ ಕೆನಡಾದ ಇನುಯಿಟ್ ತಾಯಂದಿರ ಎದೆಹಾಲಿನಲ್ಲಿ ಪತ್ತೆಯಾಗಿ ದಶಕಗಳೇ ಆದವು. ತಲೆಮಾರುಗಳ ಪಾಕಶಾಸ್ತ್ರಕ್ಕೆ ಇದರ ಗುಟ್ಟು ತಿಳಿಯುವಂತಿಲ್ಲ, ಈ ವಿಷಕ್ಕೆ ರುಚಿಯೂ ಇಲ್ಲ, ಸುಲಿಯುವ ಚರ್ಮದ ಸೂಚನೆಯೂ ಇಲ್ಲ.

ಬಾರೆಂಟ್ಸ್ ಕಂಡ ಸ್ವಾಲ್ಬಾರ್ಡಿನಲ್ಲೇ, 79 ಡಿಗ್ರಿ ಉತ್ತರದ ನೈ-ಆಲೆಸುಂಡ್‌ನಲ್ಲಿ, ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇದೆ. ಬೇಸಿಗೆಗೆ ಸೀಮಿತವಾಗಿದ್ದ ಕೆಲಸ 2023ರ ಡಿಸೆಂಬರಿನಿಂದ ಕತ್ತಲಿನ ತಿಂಗಳುಗಳಿಗೂ ಚಾಚಿತು. ಆ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಅಲ್ಲಿಗೆ ಹೋಗುವ ವಿಜ್ಞಾನಿಗಳಿಗೆ ಉಪಕರಣಗಳ ಜೊತೆ ಬಂದೂಕಿನ ತರಬೇತಿಯೂ ಆಗುತ್ತದೆ. ವಸತಿಯ ಗಡಿ ದಾಟುವವರ ಬಳಿ ಕರಡಿಯನ್ನು ಬೆದರಿಸಿ ಓಡಿಸುವ ಸಾಧನ ಇರಲೇಬೇಕೆಂಬುದು ಕಾನೂನು. ಊರಿನ ಬಾಗಿಲುಗಳಿಗೆ ಬೀಗ ಹಾಕುವುದಿಲ್ಲ, ಕರಡಿ ಅಟ್ಟಿಸಿಕೊಂಡು ಬಂದರೆ ಯಾರ ಮನೆಗಾದರೂ ನುಗ್ಗಬಹುದು. ಗುಂಡು ಹಾರಿಸುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಕರಡಿ ಸತ್ತರೆ ಸ್ವಾಲ್ಬಾರ್ಡಿನ ರಾಜ್ಯಪಾಲರ ಕಚೇರಿಯಿಂದ ತನಿಖೆ ನಡೆಯುತ್ತದೆ, ಜೀವ ಉಳಿಸಿಕೊಳ್ಳಲು ಅದು ಅಗತ್ಯವಿತ್ತೇ ಎಂಬುದಕ್ಕೆ ಗುಂಡು ಹಾರಿಸಿದವರು ಉತ್ತರ ಕೊಡಬೇಕು.